ಗಾಜಿನ ಹಿಂದಿನ ಭೂತ: ಒಂದು ಅಗ್ಗದ ಮಾಯೆಯ ಚರಿತ್ರೆ



ಇರುಳಿನಲ್ಲಿ ಬಸ್ಸಿನ ಒಳಗೆ ದೀಪ ಉರಿಯುತ್ತಿರುವಾಗ ಕಿಟಕಿಯ ಗಾಜಿನತ್ತ ಮುಖ ಮಾಡಿದವರೆಲ್ಲರೂ ಒಂದು ಭೂತವನ್ನು ಕಂಡಿದ್ದಾರೆ. ಹೊರಗಿನ ಕತ್ತಲೆಯಲ್ಲಿ ನಮ್ಮದೇ ಮುಖ ತೇಲುತ್ತಿರುತ್ತದೆ. ದಾರಿಬದಿಯ ಮರಗಳೂ ದೀಪಗಳೂ ಅದರ ಮೂಲಕವೇ ಹಾದುಹೋಗುತ್ತವೆ. ಬೆಳಗಾದೊಡನೆ ಆ ಮುಖ ಮಾಯವಾಗುತ್ತದೆ. ಗಾಜು ಅದೇ, ಮುಖವೂ ಅದೇ. ಬದಲಾದದ್ದು ಗಾಜಿನ ಎರಡು ಬದಿಗಳಲ್ಲಿರುವ ಬೆಳಕಿನ ಪ್ರಮಾಣ ಮಾತ್ರ. ಈ ನಿತ್ಯದ ಸಂಗತಿಯನ್ನು ರಂಗಮಂಚಕ್ಕೆ ತಂದು ಲಂಡನ್ ನಗರವನ್ನು ಬೆರಗುಗೊಳಿಸಿದವರ ಕಥೆಯನ್ನೂ, ಅದನ್ನೇ ನಮ್ಮ ಮನೆಯ ಮೇಜಿನ ಮೇಲೆ ಹೆಚ್ಚು ಖರ್ಚಿಲ್ಲದೆ ಕಟ್ಟಿಕೊಳ್ಳುವ ಬಗೆಯನ್ನೂ ಈ ಲೇಖನದಲ್ಲಿ ವಿವರಿಸಬೇಕೆಂದಿದ್ದೇನೆ.

ಇದಕ್ಕೊಂದು ಕಾರಣವುಂಟು. ಹಳೆಯ ಸಿ.ಡಿ. ಡಬ್ಬಿಯ ಪ್ಲಾಸ್ಟಿಕ್ಕನ್ನು ಕತ್ತರಿಸಿ ಪುಟ್ಟ ಪಿರಮಿಡ್ಡೊಂದನ್ನು ಮಾಡಿ, ಮೊಬೈಲಿನ ಪರದೆಯ ಮೇಲೆ ನಿಲ್ಲಿಸಿ, ಅದರೊಳಗೆ ಚಿಟ್ಟೆ ಹಾರುವುದನ್ನೋ ಮೀನು ಈಜುವುದನ್ನೋ ತೋರಿಸುವ ಆಟ 2015ರ ಸುಮಾರಿಗೆ ಅಂತರಜಾಲದ ಮೂಲಕ ಎಲ್ಲೆಡೆ ಹರಡಿತು. ಮಕ್ಕಳು ಅದನ್ನು 'ಹಾಲೊಗ್ರಾಮ್' ಎನ್ನುತ್ತಾರೆ. ಶಾಲೆಯ ವಿಜ್ಞಾನ ಪ್ರದರ್ಶನಗಳಲ್ಲಿಯೂ ಅದೇ ಹೆಸರಿನ ಚೀಟಿ ಅಂಟಿಸಿರುತ್ತಾರೆ. ಅದು ಹಾಲೊಗ್ರಾಮ್ ಅಲ್ಲ. ಹಾಗಾದರೆ ಏನು ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ನಾಲ್ಕು ಶತಮಾನಗಳಷ್ಟು ಹಿಂದಕ್ಕೆ ಹೋಗಬೇಕಾಗುತ್ತದೆ.

ಮೊದಲು ತತ್ತ್ವವನ್ನು ಸ್ಪಷ್ಟಪಡಿಸಿಕೊಳ್ಳೋಣ. ಗಾಜು ಪಾರದರ್ಶಕ ಎಂದು ನಾವು ಹೇಳುವುದು ಪೂರ್ಣಸತ್ಯವಲ್ಲ. ತನ್ನ ಮೇಲೆ ಬಿದ್ದ ಬೆಳಕಿನ ಬಹುಭಾಗವನ್ನು ಅದು ಒಳಗೆ ಬಿಟ್ಟುಕೊಳ್ಳುತ್ತದೆ, ಸ್ವಲ್ಪ ಭಾಗವನ್ನು ಹಿಂದಿರುಗಿಸುತ್ತದೆ. ಬೆಳಕು 45 ಡಿಗ್ರಿ ಕೋನದಲ್ಲಿ ಬಿದ್ದಾಗ ಗಾಜಿನ ಒಂದೊಂದು ಮೈಯಿಂದಲೂ ಸುಮಾರು ಶೇಕಡಾ 5ರಷ್ಟು, ಎರಡೂ ಸೇರಿ ಸುಮಾರು ಹತ್ತರಲ್ಲೊಂದು ಪಾಲು ಪ್ರತಿಫಲನ ಹೊಂದುತ್ತದೆ. ಈ ಹತ್ತನೆಯ ಒಂದು ಪಾಲೇ ನಮ್ಮ ಭೂತದ ಬಂಡವಾಳ. ಅದು ಕಣ್ಣಿಗೆ ಕಾಣಬೇಕಾದರೆ ಗಾಜಿನ ಹಿಂದೆ ಕತ್ತಲಿರಬೇಕು, ಮುಂದಿರುವ ವಸ್ತುವಿನ ಮೇಲೆ ಪ್ರಖರವಾದ ಬೆಳಕಿರಬೇಕು. ಇನ್ನುಳಿದದ್ದು ನೀವೆಲ್ಲ ತರಗತಿಯಲ್ಲಿ ಬಾಯಿಪಾಠ ಮಾಡಿದ ನಿಯಮ: ಪತನ ಕೋನವೂ ಪ್ರತಿಫಲನ ಕೋನವೂ ಸಮ, ಸಮತಲ ದರ್ಪಣದಲ್ಲಿ ವಸ್ತು ಎಷ್ಟು ಮುಂದಿದೆಯೋ ಬಿಂಬ ಅಷ್ಟೇ ಹಿಂದಿರುತ್ತದೆ. ಕನ್ನಡಿಯ ಹಿಂದೆ ಏನಿದೆಯೆಂಬುದು ನಮಗೆ ಕಾಣುವುದಿಲ್ಲ. ಗಾಜಿನ ಹಿಂದೆ ಇರುವುದು ಕಾಣುತ್ತದೆ. ಆದ್ದರಿಂದ ನಿಜವಾದ ವಸ್ತುಗಳ ನಡುವೆ ಇಲ್ಲದ ವಸ್ತುವೊಂದನ್ನು ನಿಲ್ಲಿಸುವ ಸಾಮರ್ಥ್ಯ ಕನ್ನಡಿಗಿಲ್ಲ, ಬರಿಯ ಗಾಜಿಗಿದೆ.

ಮಯನಿರ್ಮಿತ ಸಭೆಯಲ್ಲಿ ನೆಲವನ್ನು ನೀರೆಂದೂ ನೀರನ್ನು ನೆಲವೆಂದೂ ಭ್ರಮಿಸಿದ ದುರ್ಯೋಧನನ ಪ್ರಸಂಗವನ್ನು ಬಲ್ಲ ನಮಗೆ ಇಂಥ ಮಾಯೆಯ ಕಲ್ಪನೆ ಹೊಸದಲ್ಲ. ಆದರೆ ಗಾಜಿನ ಈ ಉಪಾಯವನ್ನು ಮಾಡುವ ವಿಧಾನಸಹಿತ ಬರೆದಿಟ್ಟವರಲ್ಲಿ ಮೊದಲಿಗರ ಸಾಲಿನಲ್ಲಿ ನಿಲ್ಲುವಾತ ಇಟಲಿಯ ನೇಪಲ್ಸ್ ನಗರದ ಜಿಯಾಂಬಟಿಸ್ಟಾ ಡೆಲ್ಲಾ ಪೋರ್ಟಾ. ಈತನ 'ಮ್ಯಾಜಿಯಾ ನ್ಯಾಚುರಾಲಿಸ್' ಎಂಬ ಲ್ಯಾಟಿನ್ ಗ್ರಂಥ ಮೊದಲು 1558ರಲ್ಲಿ ಪ್ರಕಟವಾಯಿತು. 1589ರಲ್ಲಿ ಇಪ್ಪತ್ತು ಭಾಗಗಳಾಗಿ ವಿಸ್ತಾರಗೊಂಡಿತು. ಕೋಣೆಯೊಂದರಲ್ಲಿ ಇಲ್ಲದ ವಸ್ತುಗಳನ್ನು ಇರುವಂತೆ ಕಾಣಿಸುವುದು ಹೇಗೆಂಬುದನ್ನು ಆ ವಿಸ್ತೃತ ಆವೃತ್ತಿಯಲ್ಲಿ ಆತ ವಿವರಿಸಿದ್ದಾನೆ. ನೋಡುವವನ ಮುಂದೆ ನಯಗೊಳಿಸಿದ ಗಾಜು. ಅವನ ಕಣ್ಣಿಗೆ ಬೀಳದ ಎಡೆಯಲ್ಲಿ ಬೆಳಕಿಗೆ ಒಡ್ಡಿದ ವಸ್ತುಗಳು. ಅವುಗಳ ಬಿಂಬ ಗಾಜಿನಾಚೆಯ ಕೋಣೆಯಲ್ಲಿ. ತತ್ತ್ವ ಅಲ್ಲಿಗೇ ಪೂರ್ಣವಾಗಿತ್ತು. ಆದರೆ ಮುಂದಿನ ಎರಡೂವರೆ ಶತಮಾನಗಳ ಕಾಲ ಅದು ಪುಸ್ತಕದ ಕುತೂಹಲವಾಗಿಯೇ ಉಳಿಯಿತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನಲ್ಲಿ ರಾಬರ್ಟ್‌ಸನ್ ಎಂಬಾತ 'ಫ್ಯಾಂಟಸ್ಮಗೋರಿಯಾ' ಎಂಬ ಭೂತದಾಟವನ್ನು ಪ್ರದರ್ಶಿಸಿ ಜನರನ್ನು ನಡುಗಿಸಿದನಾದರೂ, ಅವನು ಬಳಸಿದ್ದು ಮಾಯಾದೀಪವನ್ನು. ಅದು ಗಾಜಿನ ಮೇಲೆ ಬರೆದ ಚಿತ್ರವನ್ನು ಪರದೆಯ ಮೇಲೆ ಬೀಳಿಸುವ ತಂತ್ರ. ನಮ್ಮ ಸಿನಿಮಾ ಯಂತ್ರದ ಪೂರ್ವಜ. ಅಲ್ಲಿ ಭೂತ ಪರದೆಗೆ ಅಂಟಿಕೊಂಡಿತ್ತು. ಜೀವಂತ ನಟನ ಪಕ್ಕದಲ್ಲಿ ನಿಲ್ಲಲು ಅದಕ್ಕೆ ಸಾಧ್ಯವಿರಲಿಲ್ಲ.

ಆ ಸಾಧ್ಯತೆಯನ್ನು ಕಂಡವನು ಲಿವರ್‌ಪೂಲಿನಲ್ಲಿ 1806ರಲ್ಲಿ ಹುಟ್ಟಿದ ಹೆನ್ರಿ ಡರ್ಕ್ಸ್ ಎಂಬ ಎಂಜಿನಿಯರ್. 1858ರಲ್ಲಿ ಲೀಡ್ಸ್ ನಗರದಲ್ಲಿ ಸೇರಿದ್ದ ಬ್ರಿಟಿಷ್ ಅಸೋಸಿಯೇಷನ್ನಿನ ವಿದ್ವತ್ಸಭೆಯಲ್ಲಿ ಆತ ತನ್ನ ಯೋಜನೆಯನ್ನು ಮಂಡಿಸಿದ. ರಂಗದ ಮುಂದೆ ದೊಡ್ಡದೊಂದು ಗಾಜನ್ನು ನೆಟ್ಟಗೆ ನಿಲ್ಲಿಸುವುದು. ಅದರ ಹಿಂದೆ ಕಾಣುವ ನಟ, ಮುಂದೆ ಕಾಣದ ನಟ. ಕಾಣದವನ ಬಿಂಬ ಕಾಣುವವನ ಪಕ್ಕದಲ್ಲಿ ಬಂದು ನಿಲ್ಲುವುದು. ಯೋಜನೆಯಲ್ಲಿ ತಪ್ಪಿರಲಿಲ್ಲ. ತೊಡಕಿದ್ದುದು ಪ್ರೇಕ್ಷಕರನ್ನು ಕೂರಿಸುವುದರಲ್ಲಿ. ಮುಂದಿರುವ ನಟ ಕಾಣದಂತಿರಬೇಕಾದರೆ ಪ್ರೇಕ್ಷಕರು ಅವನ ನೆತ್ತಿಯ ಮೇಲೆ, ಎತ್ತರದ ಅಟ್ಟಣೆಯಲ್ಲಿ ಕುಳಿತು ಕೆಳಗೆ ನೋಡಬೇಕಾಗಿತ್ತು. ಅಂದರೆ ಪ್ರತಿಯೊಂದು ನಾಟಕಶಾಲೆಯನ್ನೂ ಕೆಡವಿ ಹೊಸದಾಗಿ ಕಟ್ಟಿಸಬೇಕಾಗಿತ್ತು. ಒಂದು ಭೂತಕ್ಕಾಗಿ ಕಟ್ಟಡವನ್ನೇ ಕೆಡವುವ ಮಾಲೀಕ ಯಾವ ಊರಿನಲ್ಲಿ ಸಿಕ್ಕಾನು? ಡರ್ಕ್ಸ್ ಮಾದರಿಯನ್ನು ಹಿಡಿದುಕೊಂಡು ಹಲವರ ಬಾಗಿಲು ತಟ್ಟಿದ; ಯಾರೂ ಒಪ್ಪಲಿಲ್ಲ.

ಈಗ ಕಥೆಯೊಳಗೆ ಒಬ್ಬ ಉಪನ್ಯಾಸಕನ ಪ್ರವೇಶ. ಲಂಡನ್ನಿನ ರೀಜೆಂಟ್ ಸ್ಟ್ರೀಟಿನಲ್ಲಿ 1838ರಲ್ಲಿ ಆರಂಭವಾಗಿದ್ದ ಪಾಲಿಟೆಕ್ನಿಕ್ ಸಂಸ್ಥೆ ಜನಸಾಮಾನ್ಯರಿಗೆ ವಿಜ್ಞಾನವನ್ನು ಕಣ್ಣಾರೆ ತೋರಿಸುವ ಸ್ಥಳವಾಗಿತ್ತು. ಅಲ್ಲಿಗೆ 1848ರಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕನಾಗಿ ಬಂದ ಜಾನ್ ಹೆನ್ರಿ ಪೆಪ್ಪರ್ ಮುಂದೆ ಆ ಸಂಸ್ಥೆಯ ಮುಖ್ಯಸ್ಥನಾದ. ಮಕ್ಕಳು ಮನೆಯಲ್ಲಿಯೇ ಮಾಡಬಹುದಾದ ಪ್ರಯೋಗಗಳನ್ನು ಕುರಿತು 'ದಿ ಬಾಯ್ಸ್ ಪ್ಲೇಬುಕ್ ಆಫ್ ಸೈನ್ಸ್' ಎಂಬ ದೊಡ್ಡ ಪುಸ್ತಕವನ್ನು 1860ರಲ್ಲಿ ಬರೆದವನೂ ಈತನೇ. ಪಾಠ ಹೇಳುವವನ ಕಣ್ಣಿನಿಂದ ಪೆಪ್ಪರ್ ಡರ್ಕ್ಸ್‌ನ ಮಾದರಿಯನ್ನು ನೋಡಿದ. ಅವನಿಗೆ ಹೊಳೆದದ್ದು ಅತಿ ಸರಳವಾದ ತಿದ್ದುಪಡಿ: ಗಾಜನ್ನು ನೆಟ್ಟಗೆ ನಿಲ್ಲಿಸುವ ಬದಲು ಪ್ರೇಕ್ಷಕರತ್ತ ಓರೆಯಾಗಿ ಬಾಗಿಸುವುದು. ಹಾಗೆ ಬಾಗಿಸಿದರೆ ಕಾಣದ ನಟ ರಂಗದ ಮುಂಭಾಗದ ತಗ್ಗಿನಲ್ಲಿ, ಪ್ರೇಕ್ಷಕರ ದೃಷ್ಟಿಗಿಂತ ಕೆಳಗೆ ಅಡಗಿರಬಹುದು. ಪ್ರೇಕ್ಷಕರು ತಮ್ಮ ಎಂದಿನ ಆಸನಗಳಲ್ಲಿಯೇ ಕುಳಿತಿರಬಹುದು. ಕಟ್ಟಡದ ಒಂದು ಇಟ್ಟಿಗೆಯನ್ನೂ ಕದಲಿಸಬೇಕಾಗಿಲ್ಲ.

1862ನೆಯ ಇಸವಿಯ ಡಿಸೆಂಬರ್ 24ರ ಸಂಜೆ, ಕ್ರಿಸ್‌ಮಸ್ ಹಬ್ಬದ ಹಿಂದಿನ ದಿನ, ಆಹ್ವಾನಿತರ ಮುಂದೆ ಮೊದಲ ಪ್ರದರ್ಶನ ನಡೆಯಿತು. ಆರಿಸಿಕೊಂಡ ಪ್ರಸಂಗ ಚಾರ್ಲ್ಸ್ ಡಿಕನ್ಸ್ 1848ರಲ್ಲಿ ಬರೆದ 'ದಿ ಹಾಂಟೆಡ್ ಮ್ಯಾನ್' ಕಥೆಯದು. ಆ ಕಥೆಯ ನಾಯಕನೂ ಒಬ್ಬ ರಸಾಯನಶಾಸ್ತ್ರದ ಅಧ್ಯಾಪಕ. ಅವನನ್ನು ಕಾಡುವುದು ಅವನದೇ ರೂಪದ ಪ್ರೇತ! ರಂಗದ ಮುಂದಿನ ತಗ್ಗಿಗೆ ಒಳಗೆಲ್ಲ ಕಪ್ಪು ಹೊದಿಕೆ. ಭೂತದ ಪಾತ್ರಧಾರಿ ಅಲ್ಲಿ ಓರೆಯಾದ ಹಲಗೆಗೆ ಒರಗಿ ನಿಲ್ಲಬೇಕಾಗಿತ್ತು. ಏಕೆಂದರೆ ಗಾಜೇ ಓರೆಯಾಗಿರುವಾಗ ನಟನೂ ತಕ್ಕಷ್ಟು ಓರೆಯಾಗಿದ್ದರೆ ಮಾತ್ರ ಬಿಂಬ ನೆಟ್ಟಗೆ ನಿಲ್ಲುತ್ತದೆ. ಆತನ ಮೇಲೆ ಸುಣ್ಣದ ದೀಪದ ಪ್ರಖರ ಬೆಳಕು. ಆಮ್ಲಜನಕ ಮತ್ತು ಜಲಜನಕದ ಉರಿಯಲ್ಲಿ ಸುಟ್ಟ ಸುಣ್ಣದ ತುಂಡನ್ನು ಕಾಯಿಸಿ ಪಡೆಯುತ್ತಿದ್ದ ಬೆಳಕು ಅದು. ದೀಪವನ್ನು ಮೆಲ್ಲಗೆ ತೆರೆದರೆ ರಂಗದ ಮೇಲೆ ಭೂತ ಮೂಡುತ್ತಿತ್ತು; ಮುಚ್ಚಿದರೆ ಕರಗುತ್ತಿತ್ತು. ರಂಗದ ಮೇಲಿನ ನಟ ಕತ್ತಿ ಬೀಸಿದರೆ ಅದು ಭೂತದ ಎದೆಯ ಮೂಲಕ ಹಾದುಹೋಗುತ್ತಿತ್ತು. ಪಾಪ, ಆ ನಟನಿಗೆ ಭೂತ ಕಾಣುತ್ತಿರಲಿಲ್ಲ! ಗಾಜಿನ ಹಿಂದಿರುವವನಿಗೆ ಬಿಂಬ ಕಾಣುವುದಾದರೂ ಹೇಗೆ? ನೆಲದ ಮೇಲೆ ಮಾಡಿದ ಗುರುತುಗಳನ್ನು ನೋಡಿಕೊಂಡು ಬರಿಯ ಗಾಳಿಯೊಡನೆ ಹೋರಾಡಬೇಕಾಗಿತ್ತು. ಭೂತವಾದರೋ ಬಲಗೈಯಲ್ಲಿ ಹಿಡಿದ ಕತ್ತಿ ಪ್ರೇಕ್ಷಕರಿಗೆ ಎಡಗೈಯಲ್ಲಿ ಕಾಣುತ್ತಿತ್ತು; ಪ್ರತಿಬಿಂಬದ ಸ್ವಭಾವವೇ ಅದು.

ಅಂದು ತೋರಿಸಿದ ಮೇಲೆ ರಹಸ್ಯವನ್ನು ಬಿಡಿಸಿ ಹೇಳಬೇಕೆಂದು ಪೆಪ್ಪರ್ ಮೊದಲು ಯೋಚಿಸಿದ್ದನಂತೆ. ಸಭಿಕರು ಬೆರಗಾದ ಪರಿಯನ್ನು ಕಂಡು ಆ ವಿಚಾರವನ್ನು ಮುಂದಕ್ಕೆ ಹಾಕಿ, ಪೇಟೆಂಟ್ ಪಡೆಯಲು ಹೊರಟುದಾಗಿ ಆತನೇ 1890ರಲ್ಲಿ ಪ್ರಕಟಿಸಿದ 'ದಿ ಟ್ರೂ ಹಿಸ್ಟರಿ ಆಫ್ ದಿ ಘೋಸ್ಟ್' ಎಂಬ ಪುಸ್ತಕದಲ್ಲಿ ಹೇಳಿಕೊಂಡಿದ್ದಾನೆ. ಅದೇ ಪುಸ್ತಕದಲ್ಲಿರುವ ಇನ್ನೊಂದು ಪ್ರಸಂಗ ನನಗೆ ಬಹಳ ಪ್ರಿಯವಾದುದು. ವಿದ್ಯುತ್ತಿನ ಮಹಾವಿಜ್ಞಾನಿ ಮೈಕಲ್ ಫ್ಯಾರಡೆ ಒಮ್ಮೆ ರಂಗದ ಹಿಂದೆ ಬಂದು ನೋಡಿ, ತನಗೆ ಇದು ತಿಳಿಯುತ್ತಿಲ್ಲವೆಂದು ಪೆಪ್ಪರನಲ್ಲಿ ಒಪ್ಪಿಕೊಂಡನಂತೆ. ಪೆಪ್ಪರ್ ವಿವರಿಸುವ ಗೋಜಿಗೆ ಹೋಗಲಿಲ್ಲ. ಫ್ಯಾರಡೆಯ ಕೈಯನ್ನು ಹಿಡಿದು ಆ ಬೃಹತ್ ಗಾಜಿನ ಮೇಲೆ ಇಟ್ಟನಂತೆ. ಒಡನೆಯೇ ಎಲ್ಲವೂ ಅರ್ಥವಾಯಿತು. ರಂಗದ ಹಿಂದಿನಿಂದ ನೋಡಿದರೂ ಕಾಣದಷ್ಟು ನಿರ್ಮಲವಾಗಿ ಆ ಗಾಜನ್ನು ಕಾಪಾಡಿಕೊಂಡಿದ್ದರು. ತನಗೆ ತಿಳಿಯಲಿಲ್ಲವೆಂದು ಹೇಳಲು ಫ್ಯಾರಡೆಯಂಥವನು ಸಂಕೋಚಪಡಲಿಲ್ಲ ಎಂಬುದನ್ನು ನೀವು ಗಮನಿಸಬೇಕು.

1863ರ ಆರಂಭದಲ್ಲಿ ಡರ್ಕ್ಸ್ ಮತ್ತು ಪೆಪ್ಪರ್ ಇಬ್ಬರ ಹೆಸರಿನಲ್ಲಿಯೂ ಜಂಟಿಯಾಗಿ ಪೇಟೆಂಟಿಗೆ ಅರ್ಜಿ ಹೋಯಿತು. ಹಣದ ಹಕ್ಕನ್ನು ಡರ್ಕ್ಸ್ ಪೆಪ್ಪರನಿಗೆ ಬಿಟ್ಟುಕೊಟ್ಟ. ಅವನು ಬಯಸಿದ್ದು ಕೀರ್ತಿಯನ್ನು, ಸಿಗದೆ ಹೋದದ್ದೂ ಅದೇ. ಜನರ ಬಾಯಲ್ಲಿ ಅದು 'ಪೆಪ್ಪರನ ಭೂತ'ವಾಯಿತು. ಡರ್ಕ್ಸ್ ನೊಂದುಕೊಂಡು ಅದೇ 1863ರಲ್ಲಿ 'ದಿ ಘೋಸ್ಟ್!' ಎಂಬ ಪುಸ್ತಕವನ್ನು ಬರೆದು, ಕಲ್ಪನೆ ತನ್ನದೆಂದು ಸಾಧಿಸಿದ. ಆದರೂ 1873ರಲ್ಲಿ ಅವನು ತೀರಿಕೊಂಡಾಗ ಹೆಸರು ಬದಲಾಗಿರಲಿಲ್ಲ; ಇಂದಿಗೂ ಬದಲಾಗಿಲ್ಲ. ಇಲ್ಲಿ ನ್ಯಾಯ ಯಾವ ಕಡೆಗಿದೆ? ಪೆಪ್ಪರನನ್ನು ಕಳ್ಳನೆನ್ನಲಾಗದು; ಅವನು ಮಾಡಿದ ತಿದ್ದುಪಡಿಯಿಲ್ಲದಿದ್ದರೆ ಡರ್ಕ್ಸ್‌ನ ಭೂತ ಪೆಟ್ಟಿಗೆಯೊಳಗಿನ ಮಾದರಿಯಾಗಿಯೇ ಉಳಿಯುತ್ತಿತ್ತು. ಡರ್ಕ್ಸ್‌ನನ್ನು ಮರೆಯುವುದೂ ಸಲ್ಲದು. ಜೀವಂತ ನಟನನ್ನೂ ಅವನ ಪಕ್ಕದ ಬಿಂಬವನ್ನೂ ಒಂದೇ ನಾಟಕದಲ್ಲಿ ಆಡಿಸಬಹುದೆಂದು ಕಂಡುಕೊಂಡವನು ಅವನೇ. ಇನ್ನೂ ಹಿಂದಕ್ಕೆ ಹೋದರೆ ಇಬ್ಬರೂ ಡೆಲ್ಲಾ ಪೋರ್ಟಾನಿಗೆ ಋಣಿಗಳು. ನನಗೆ ತೋರುವುದಿಷ್ಟು: ಈ ಚರಿತ್ರೆಯಲ್ಲಿ ಪೆಪ್ಪರನ ನಿಜವಾದ ಶೋಧನೆ ಭೂತವಲ್ಲ, ಅಗ್ಗತನ. ಕೆಲವರಿಗೆ ಮಾತ್ರ ಸಾಧ್ಯವಿದ್ದುದನ್ನು ಎಲ್ಲರಿಗೂ ಸಾಧ್ಯವಾಗಿಸುವುದೂ ಒಂದು ಶೋಧನೆಯೇ. ಹೆಸರು ಅದಕ್ಕೆ ಸಂದಿತು. ಆದರೆ ಹಾಗೆ ಸಂದ ಹೆಸರನ್ನು ಉಚ್ಚರಿಸುವಾಗ ಮೊದಲು ಯೋಚಿಸಿದವನನ್ನೂ ನೆನೆಯುವುದು ನಮ್ಮ ಕರ್ತವ್ಯ.

ಅಗ್ಗತನದ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನು ಹೇಳಬೇಕು. ಬ್ರಿಟನ್ನಿನಲ್ಲಿ ಗಾಜಿನ ಮೇಲಿದ್ದ ಅಬಕಾರಿ ಸುಂಕವನ್ನು 1845ರಲ್ಲಿ ತೆಗೆದುಹಾಕಿದರು. ಕಿಟಕಿಗಳ ಮೇಲಿದ್ದ ತೆರಿಗೆಯೂ 1851ರಲ್ಲಿ ರದ್ದಾಯಿತು. ಅದೇ ವರ್ಷ ಲಂಡನ್ನಿನಲ್ಲಿ ಗಾಜು ಮತ್ತು ಕಬ್ಬಿಣದಿಂದಲೇ ಕಟ್ಟಿದ ಕ್ರಿಸ್ಟಲ್ ಪ್ಯಾಲೇಸ್ ಎದ್ದು ನಿಂತಿತು. ಮನುಷ್ಯನೊಬ್ಬನ ಪೂರ್ಣ ಬಿಂಬ ಹಿಡಿಸುವಷ್ಟು ದೊಡ್ಡ ಗಾಜು ನಾಟಕದವರ ಕೈಗೆಟುಕಿದ್ದು ಇಂಥ ಕಾಲದಲ್ಲಿ. ಡೆಲ್ಲಾ ಪೋರ್ಟಾನ ಉಪಾಯ ಅಷ್ಟು ಕಾಲ ಕಾದದ್ದು ಬುದ್ಧಿಯ ಕೊರತೆಯಿಂದಲ್ಲ. ತಕ್ಕ ಗಾಜೂ ತಕ್ಕ ದೀಪವೂ ಒದಗಬೇಕಾಗಿತ್ತು.

ಪೆಪ್ಪರನ ಭೂತದ ವಂಶ ದೊಡ್ಡದು. 1879ರಲ್ಲಿ ಪೆಪ್ಪರನೇ ವಾಕರ್ ಎಂಬಾತನೊಡನೆ ಸೇರಿ, ಅರೆಪಾರದರ್ಶಕ ಕನ್ನಡಿಯನ್ನು ಬಳಸಿ ಒಂದು ವಸ್ತು ಕಣ್ಣೆದುರಿನಲ್ಲಿಯೇ ಮತ್ತೊಂದಾಗುವ ಆಟವನ್ನು ರೂಪಿಸಿದ. ಭಾಷಣಕಾರರ ಮುಂದೆ ಅಕ್ಷರಗಳನ್ನು ಕಾಣಿಸುವ ಇಂದಿನ ಟೆಲಿಪ್ರಾಂಪ್ಟರಿನ ಓರೆಗಾಜು, ವಿಮಾನ ಚಾಲಕನ ಕಣ್ಣೆದುರು ಅಂಕಿಗಳನ್ನು ತೇಲಿಸುವ ಗಾಜು, ಅಮೆರಿಕದ ಡಿಸ್ನಿಲ್ಯಾಂಡಿನಲ್ಲಿ 1969ರಲ್ಲಿ ತೆರೆದ ಭೂತಬಂಗಲೆಯ ನರ್ತನಶಾಲೆ, ಇವೆಲ್ಲವೂ ಅದೇ ಕುಲದವು. 1996ರಲ್ಲಿ ಹತನಾದ ಟುಪಾಕ್ ಎಂಬ ಗಾಯಕ 2012ರಲ್ಲಿ ಕ್ಯಾಲಿಫೋರ್ನಿಯಾದ ಸಂಗೀತೋತ್ಸವದಲ್ಲಿ 'ಹಾಡಿದ್ದು' ಈ ತಂತ್ರದಿಂದಲೇ. ಗಾಜಿನ ಬದಲು ತೆಳುವಾದ ಪ್ಲಾಸ್ಟಿಕ್ ಹಾಳೆ, ನಟನ ಬದಲು ಪ್ರೊಜೆಕ್ಟರಿನ ಚಿತ್ರ. ಅದೇ 2012ರ ಗುಜರಾತ್ ವಿಧಾನಸಭಾ ಚುನಾವಣೆಯಲ್ಲಿ ನರೇಂದ್ರ ಮೋದಿಯವರ ಭಾಷಣ ಏಕಕಾಲದಲ್ಲಿ ಹಲವು ಊರುಗಳ ವೇದಿಕೆಗಳಲ್ಲಿ ಮೂಡಿಬಂದುದು ಕೂಡ ಇಂಥ ಹಾಳೆಯ ಮೂಲಕವೇ. ಪತ್ರಿಕೆಗಳು ಇವೆಲ್ಲವನ್ನೂ ಹಾಲೊಗ್ರಾಮ್ ಎಂದೇ ಕರೆದವು.

ನಿಜವಾದ ಹಾಲೊಗ್ರಾಮ್ ಬೇರೆಯೇ. ಹಂಗೇರಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಡೆನಿಸ್ ಗೇಬರ್ 1947ರಲ್ಲಿ ಅದನ್ನು ಕಲ್ಪಿಸಿದ. 1960ರಲ್ಲಿ ಲೇಸರ್ ಬಂದ ಮೇಲೆ ಅದು ಸಿದ್ಧಿಸಿತು. 1971ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಸಂದಿತು. ಅದರಲ್ಲಿ ವಸ್ತುವಿನಿಂದ ಬಂದ ಬೆಳಕಿನ ಅಲೆಗಳು ಮತ್ತೊಂದು ಬೆಳಕಿನೊಡನೆ ಸಂಧಿಸಿ ಉಂಟಾದ ವಿನ್ಯಾಸವನ್ನೇ ದಾಖಲಿಸಿಕೊಳ್ಳುತ್ತಾರೆ. ನಿಮ್ಮ ಬ್ಯಾಂಕಿನ ಕಾರ್ಡಿನ ಮೇಲೆ ಮಿನುಗುವ ಪುಟ್ಟ ಚಿತ್ರ ಆ ಜಾತಿಯದು. ನಮ್ಮ ಮೊಬೈಲ್ ಪಿರಮಿಡ್ಡಿನಲ್ಲಿ ಅಂಥ ದಾಖಲೆ ಯಾವುದೂ ಇಲ್ಲ, ಇರುವುದು ಪ್ರತಿಫಲನ ಮಾತ್ರ.

ಈಗ ಕಟ್ಟುವ ಕೆಲಸಕ್ಕೆ ಬರೋಣ. ಮೊದಲು ಪೆಪ್ಪರನ ಪುಟ್ಟ ರಂಗಮಂದಿರ. ಒಂದು ರಟ್ಟಿನ ಪೆಟ್ಟಿಗೆ, ಕಪ್ಪು ಕಾಗದ, ಪಾರದರ್ಶಕ ಹಾಳೆ, ಒಂದು ಮೊಬೈಲ್, ಇಷ್ಟು ಸಾಕು. ಹಾಳೆಗೆ ಹಿಂದೆ ನಾವು ಪಾಠಕ್ಕೆ ಬಳಸುತ್ತಿದ್ದ ಓ.ಎಚ್.ಪಿ. ಹಾಳೆ ಅತ್ಯುತ್ತಮ. ಫೋಟೋ ಚೌಕಟ್ಟಿನ ಗಾಜೂ ಆದೀತು. ಆದರೆ ಗಾಜಿನ ಅಂಚು ಕೈ ಕೊಯ್ಯುವುದರಿಂದ ಅಂಚಿಗೆ ಟೇಪು ಸುತ್ತಬೇಕು, ಚಿಕ್ಕ ಮಕ್ಕಳ ಕೈಗೆ ಕೊಡಬಾರದು. ಗಾಜಿನಲ್ಲಿ ಇನ್ನೊಂದು ತೊಡಕಿದೆ. ಅದರ ಎರಡೂ ಮೈಗಳಿಂದ ಪ್ರತಿಫಲನವಾಗುವುದರಿಂದ ಬಿಂಬ ಎರಡಾಗಿ ಕಾಣುತ್ತದೆ. 45 ಡಿಗ್ರಿಯಲ್ಲಿ ಈ ಎರಡು ಬಿಂಬಗಳ ನಡುವಿನ ಅಂತರ ಗಾಜಿನ ದಪ್ಪದ ಸುಮಾರು ಮುಕ್ಕಾಲು ಪಾಲು. 3 ಮಿ.ಮೀ. ಗಾಜಾದರೆ ಅಂತರ 2 ಮಿ.ಮೀ.ಗಿಂತ ಹೆಚ್ಚು; ಅಕ್ಷರಗಳು ಜೋಡಿಯಾಗಿ ಕಾಣುತ್ತವೆ. 0.1 ಮಿ.ಮೀ. ಹಾಳೆಯಲ್ಲಿ ಅದು ಕಣ್ಣಿಗೆ ತಿಳಿಯದು. ಆದ್ದರಿಂದ ಇಲ್ಲಿ ಅಗ್ಗದ ವಸ್ತುವೇ ಶ್ರೇಷ್ಠ. ಹಾಳೆ ಬಳುಕದಂತೆ ರಟ್ಟಿನ ಚೌಕಟ್ಟಿಗೆ ಬಿಗಿದು ಅಂಟಿಸಬೇಕು.

ಪೆಟ್ಟಿಗೆಯ ಒಂದು ಬದಿಯನ್ನು ಕತ್ತರಿಸಿ ತೆರೆಯಿರಿ. ಅದು ಪ್ರೇಕ್ಷಕರ ಕಡೆ. ಒಳಗೆಲ್ಲ ಕಪ್ಪು ಕಾಗದ ಅಂಟಿಸಿ. ಮೊಬೈಲನ್ನು ಪರದೆ ಮೇಲ್ಮುಖವಾಗಿ ಮುಂಭಾಗದ ನೆಲದ ಮೇಲೆ ಮಲಗಿಸಿ. ಹಾಳೆಯ ಬುಡ ಮೊಬೈಲಿನ ಹಿಂದಿನ ಅಂಚಿನಲ್ಲಿರಲಿ. ಅದರ ತಲೆ ಪ್ರೇಕ್ಷಕರತ್ತ 45 ಡಿಗ್ರಿ ಬಾಗಿ ಮೊಬೈಲಿನ ಮುಂದಿನ ಅಂಚಿನ ಮೇಲಕ್ಕೆ ಬರಲಿ. ಮೊಬೈಲಿನ ಅಗಲ 10 ಸೆಂ.ಮೀ. ಜಾಗ ಹಿಡಿಯುವುದಾದರೆ ಹಾಳೆಯ ಉದ್ದ ಸುಮಾರು 14 ಸೆಂ.ಮೀ. ಇರಬೇಕು. ಪರದೆ ನೇರವಾಗಿ ಕಣ್ಣಿಗೆ ಬೀಳದಂತೆ ಮುಂದೆ ಒಂದು ರಟ್ಟಿನ ಪಟ್ಟಿಯನ್ನು ಅಡ್ಡ ಕಟ್ಟಿ. ಕಪ್ಪು ಹಿನ್ನೆಲೆಯ ಚಿತ್ರವನ್ನು, ಪಾದ ಹಾಳೆಯ ಬುಡದತ್ತ, ತಲೆ ಪ್ರೇಕ್ಷಕರತ್ತ ಬರುವಂತೆ ಇಡಿ. ಕೋಣೆಯ ದೀಪವನ್ನು ಆರಿಸಿ. ಹಾಳೆಯ ಬುಡದ ಹತ್ತಿರ ಚಿತ್ರ ಎದ್ದು ನಿಂತಿರುವುದು ಕಾಣುತ್ತದೆ.

ಇನ್ನು ಸ್ವಾರಸ್ಯದ ಭಾಗ. ಹಾಳೆಯನ್ನು ಅಲ್ಲಿಯೇ ಬಿಟ್ಟು, ಮೊಬೈಲನ್ನು 5 ಸೆಂ.ಮೀ. ಕೆಳಕ್ಕೆ ಇಳಿಸಿ ನೋಡಿ. ಬಿಂಬ ಸರಿಯಾಗಿ 5 ಸೆಂ.ಮೀ. ಹಿಂದಕ್ಕೆ ಸರಿಯುತ್ತದೆ. ಪೆಪ್ಪರ್ ರಂಗದ ಮುಂದೆ ತಗ್ಗನ್ನು ಏಕೆ ಬಳಸಿದನೆಂಬುದು ಆಗ ನಿಮಗೇ ತಿಳಿಯುತ್ತದೆ: ನಟನನ್ನು ಅಡಗಿಸಲೂ ಆಯಿತು, ಭೂತವನ್ನು ರಂಗದ ಒಳಕ್ಕೆ ಕಳುಹಿಸಲೂ ಆಯಿತು. ಹಾಗೆ ಹಿಂದೆ ಸರಿದ ಬಿಂಬದ ಮುಂದೊಂದು, ಹಿಂದೊಂದು ಪುಟ್ಟ ಮಣ್ಣಿನ ಗೊಂಬೆಯನ್ನಿಟ್ಟರೆ, ತಲೆಯನ್ನು ಅತ್ತಿತ್ತ ಆಡಿಸಿದಾಗ ಭೂತ ಅವೆರಡರ ನಡುವೆ ನಿಂತಂತೆ ತೋರುತ್ತದೆ. ಬಿಂಬಕ್ಕೆ ಘನತೆ ಬಂದಂತೆನಿಸುವುದು ಈ ಹೋಲಿಕೆಯಿಂದಲೇ.

ಎರಡನೆಯದು ನಾಲ್ಕು ಮುಖದ ಪಿರಮಿಡ್. ಗಟ್ಟಿಯಾದ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಒಂದೇ ಅಳತೆಯ ನಾಲ್ಕು ತ್ರಾಪಿಜ್ಯಗಳನ್ನು ಕತ್ತರಿಸಿ: ಸಮಾಂತರ ಬಾಹುಗಳು 6 ಸೆಂ.ಮೀ. ಮತ್ತು 1 ಸೆಂ.ಮೀ., ಎತ್ತರ 3.5 ಸೆಂ.ಮೀ. ಓರೆ ಅಂಚುಗಳನ್ನು ಟೇಪಿನಿಂದ ಜೋಡಿಸಿ, ಕಿರಿದಾದ ಬಾಯಿ ಕೆಳಗೆ ಬರುವಂತೆ ಪರದೆಯ ನಡುವೆ ನಿಲ್ಲಿಸಿ. ಈ 3.5 ಎಲ್ಲಿಂದ ಬಂತು ಎಂದು ಕೇಳುವವನೇ ನನ್ನ ನಿಜವಾದ ವಿದ್ಯಾರ್ಥಿ. 6ರಲ್ಲಿ 1 ಕಳೆದು ಅರ್ಧ ಮಾಡಿದರೆ ಒಂದೊಂದು ಮುಖವೂ ಅಡ್ಡಲಾಗಿ ಚಾಚುವ ದೂರ 2.5 ಸೆಂ.ಮೀ. ಕೋನ 45 ಡಿಗ್ರಿ ಆಗಬೇಕಾದರೆ ಪಿರಮಿಡ್ಡಿನ ಲಂಬ ಎತ್ತರವೂ 2.5 ಆಗಬೇಕು. ಪೈಥಾಗೊರಸ್ ಪ್ರಮೇಯದಂತೆ ಓರೆಮೈಯ ಎತ್ತರ 2.5ನ್ನು 2ರ ವರ್ಗಮೂಲದಿಂದ ಗುಣಿಸಿದಷ್ಟು, ಅಂದರೆ 3.54. ಟ್ಯಾಬ್ಲೆಟ್ಟಿಗೆ ಬೇಕಾದರೆ ಎಲ್ಲ ಅಳತೆಯನ್ನೂ ಇಮ್ಮಡಿಸಿ 12, 2 ಮತ್ತು 7 ಸೆಂ.ಮೀ. ಮಾಡಿಕೊಳ್ಳಿ. ಪರದೆಯ ಮೇಲೆ ಒಂದೇ ಚಿತ್ರ ನಾಲ್ಕು ದಿಕ್ಕಿಗೂ, ಪಾದಗಳು ನಡುವಿನತ್ತ ಇರುವಂತೆ ಜೋಡಣೆಯಾಗಿರಬೇಕು. ಇಂಥ ದೃಶ್ಯಗಳು ಅಂತರಜಾಲದಲ್ಲಿ ಸಿದ್ಧವಾಗಿಯೇ ಸಿಗುತ್ತವೆ. ಎರಡು ಮುಖಗಳಲ್ಲಿ ಚಿತ್ರ ಉಜ್ವಲವಾಗಿಯೂ ಉಳಿದೆರಡರಲ್ಲಿ ಮಂಕಾಗಿಯೂ ಕಂಡರೆ ನಿಮ್ಮ ಕೆಲಸದಲ್ಲಿ ತಪ್ಪಿದೆಯೆಂದು ಭಾವಿಸಬೇಡಿ. ಎಲ್.ಸಿ.ಡಿ. ಪರದೆಯ ಬೆಳಕು ಧ್ರುವೀಕರಣ ಹೊಂದಿರುತ್ತದೆ. 45 ಡಿಗ್ರಿಯಲ್ಲಿ ಒಂದು ದಿಕ್ಕಿನ ಕಂಪನದ ಬೆಳಕನ್ನು ಪ್ಲಾಸ್ಟಿಕ್ ಇನ್ನೊಂದು ದಿಕ್ಕಿನದಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚು ಪ್ರತಿಫಲಿಸುತ್ತದೆ. ಪಿರಮಿಡ್ಡನ್ನು ಹಾಗೆಯೇ ಬಿಟ್ಟು, ಒಂಟಿ ಹಾಳೆಯ ರಂಗದಲ್ಲಿ ಮೊಬೈಲನ್ನು 90 ಡಿಗ್ರಿ ತಿರುಗಿಸಿ ನೋಡಿದರೆ ಈ ವ್ಯತ್ಯಾಸವನ್ನು ಪರೀಕ್ಷಿಸಬಹುದು.

ಈ ಎರಡು ಸಾಧನಗಳಲ್ಲಿಯೂ ಕಾಣುವುದು ಗಾಳಿಯಲ್ಲಿ ನಿಂತ ಚಪ್ಪಟೆ ಚಿತ್ರ ಎಂಬುದನ್ನು ಮುಚ್ಚಿಡಬಾರದು. ಪರದೆ ಚಪ್ಪಟೆಯಾದ್ದರಿಂದ ಅದರ ಬಿಂಬವೂ ಚಪ್ಪಟೆ. ಪಿರಮಿಡ್ಡಿನ ಸುತ್ತ ನಡೆದರೆ ಚಿತ್ರ ಒಂದು ಮುಖದಿಂದ ಇನ್ನೊಂದಕ್ಕೆ ಜಿಗಿಯುತ್ತದೆ. 1862ರ ಭೂತವಾದರೋ ಹಾಗಿರಲಿಲ್ಲ! ತಗ್ಗಿನಲ್ಲಿದ್ದವನು ಮಾಂಸಖಂಡಗಳಿದ್ದ ಮನುಷ್ಯ. ಆದ್ದರಿಂದ ಅವನ ಬಿಂಬಕ್ಕೂ ಮೂರು ಆಯಾಮಗಳಿದ್ದವು. ಬಲಗಡೆ ಕುಳಿತವರಿಗೆ ಒಂದು ಪಾರ್ಶ್ವ, ಎಡಗಡೆಯವರಿಗೆ ಇನ್ನೊಂದು ಪಾರ್ಶ್ವ ಕಾಣುತ್ತಿತ್ತು. ನೂರೈವತ್ತು ವರ್ಷಗಳಲ್ಲಿ ಯಂತ್ರ ಸುಧಾರಿಸಿದೆ, ಭೂತ ಮಾತ್ರ ತೆಳ್ಳಗಾಗಿದೆ. ನಿಮಗೆ ನಿಜವಾದ ಘನಬಿಂಬ ಬೇಕೆಂದಿದ್ದರೆ ಮೊಬೈಲನ್ನು ತೆಗೆದು, ಆ ಜಾಗದಲ್ಲಿ ಬಿಳಿಯ ಗೊಂಬೆಯೊಂದನ್ನು ಕಪ್ಪು ಬಟ್ಟೆಯ ಮೇಲೆ, ಕಾಲು ಹಾಳೆಯ ಬುಡದತ್ತ ಬರುವಂತೆ ಮಲಗಿಸಿ, ಅದರ ಮೇಲೆ ಟಾರ್ಚಿನ ಬೆಳಕು ಬೀಳಿಸಿ. ಹೆಚ್ಚು ಅಗ್ಗದ ಈ ವಿಧಾನವೇ ಹೆಚ್ಚು ಸತ್ಯವಾದುದು. ಪ್ಲಾಸ್ಟಿಕ್ಕೂ ಕಾಗದವೂ ಹತ್ತಿರವಿರುವುದರಿಂದ ಮೇಣದಬತ್ತಿ ಬೇಡ.

ನನ್ನ ತರಗತಿಗಳಲ್ಲಿದ್ದವರಿಗೆ 'ನೀರಿನಲ್ಲಿ ಉರಿಯುವ ದೀಪ'ದ ಪ್ರಯೋಗ ನೆನಪಿರಬಹುದು. ಗಾಜಿನ ಮುಂದೆ ಉರಿಯುವ ಬತ್ತಿ, ಹಿಂದೆ ಅಷ್ಟೇ ದೂರದಲ್ಲಿ ನೀರು ತುಂಬಿದ ಲೋಟ, ನೀರಿನೊಳಗೆ ಜ್ವಾಲೆ. ಪೆಪ್ಪರನ ಹೆಸರನ್ನು ಹೇಳದೆಯೇ ನಾವು ಪ್ರತಿವರ್ಷ ಅವನ ಭೂತವನ್ನು ಕರೆಸುತ್ತಿದ್ದೆವು. ಅಲ್ಲಿ ಕಾಣುವುದು ಮಿಥ್ಯ ಪ್ರತಿಬಿಂಬ. ಲೋಟದೊಳಗೆ ಕಾಗದ ಹಿಡಿದರೆ ಅದರ ಮೇಲೆ ಜ್ವಾಲೆ ಮೂಡುವುದಿಲ್ಲ. ಹಂಪೆಯ ವಿರೂಪಾಕ್ಷ ದೇವಾಲಯದ ಗೋಡೆಯ ಮೇಲೆ ತಲೆಕೆಳಗಾಗಿ ಮೂಡುವ ಗೋಪುರದ ನೆರಳು ಇದಕ್ಕೆ ವಿರುದ್ಧವಾದುದು; ಸಣ್ಣ ಕಿಂಡಿಯ ಮೂಲಕ ಬೆಳಕೇ ಅಲ್ಲಿಗೆ ಬಂದು ಬೀಳುತ್ತದೆ, ಬಿಳಿಯ ಬಟ್ಟೆ ಹಿಡಿದರೆ ಅದರ ಮೇಲೂ ಮೂಡುತ್ತದೆ. ಕಂಡದ್ದು ಎಲ್ಲಿದೆ, ಅಲ್ಲಿ ಕೈಯಿಟ್ಟರೆ ಏನು ಸಿಗುತ್ತದೆ ಎಂದು ಕೇಳುವುದು ದೃಗ್ವಿಜ್ಞಾನದ ಮೊದಲ ಪಾಠ.

ಆ ಪಾಠದ ಬೆಲೆ ತರಗತಿಯ ಆಚೆಗೂ ಇದೆ. ಪೆಪ್ಪರನ ಕಾಲದಲ್ಲಿ ಯೂರೋಪು ಅಮೆರಿಕಗಳಲ್ಲಿ ಪ್ರೇತಗಳೊಡನೆ ಮಾತಾಡಿಸುತ್ತೇವೆಂದು ಹಣ ಕೀಳುವವರು ತುಂಬಿದ್ದರು. ಅಂಥವರ ನಡುವೆ ಒಂದು ವಿಜ್ಞಾನ ಸಂಸ್ಥೆ ಭೂತವನ್ನು ವಿಜ್ಞಾನದ ಆಟವೆಂದೇ ತೋರಿಸಿತು. ನಮ್ಮಲ್ಲಿ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪಿಸಿದರು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ ಪವಾಡಗಳನ್ನು ಪರಿಶೀಲಿಸಲು ಸಮಿತಿಯನ್ನು ರಚಿಸಿದರು. ಇಂದು ಹುಸಿಚಿತ್ರಗಳೂ ಹುಸಿದೃಶ್ಯಗಳೂ ಪ್ರತಿಯೊಬ್ಬರ ಅಂಗೈಗೆ ಬಂದು ಬೀಳುತ್ತಿರುವಾಗ ಅವರ ಆ ಶ್ರದ್ಧೆ ನಮಗೆ ಹಿಂದೆಂದಿಗಿಂತಲೂ ಅಗತ್ಯವಾಗಿದೆ. ತನ್ನ ಕೈಯಿಂದಲೇ ಭೂತವನ್ನು ಕಟ್ಟಿದ ಮಗುವನ್ನು ಮತ್ತೊಬ್ಬರು ಭೂತ ತೋರಿಸಿ ಹೆದರಿಸುವುದು ಸುಲಭವಲ್ಲ.

ಆದ್ದರಿಂದ ಬೇಸಿಗೆ ರಜೆಯಲ್ಲಿ ನಿಮ್ಮ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಕೂರಿಸಿಕೊಂಡು ಈ ರಂಗಮಂದಿರವನ್ನು ಕಟ್ಟಿ. ಮೊದಲು ದೀಪ ಆರಿಸಿ, ಅವರು ಬೆರಗಾಗುವಷ್ಟು ಹೊತ್ತು ಸುಮ್ಮನಿರಿ. ಆಮೇಲೆ ಫ್ಯಾರಡೆಗೆ ಪೆಪ್ಪರ್ ಮಾಡಿದಂತೆ ಅವರ ಕೈಯನ್ನು ಹಿಡಿದು ಹಾಳೆಯನ್ನು ಮುಟ್ಟಿಸಿ. ಹೆಸರು ಕೇಳಿದರೆ ಪೆಪ್ಪರನದೊಂದನ್ನೇ ಹೇಳಿ ನಿಲ್ಲಿಸಬೇಡಿ. ಹೆನ್ರಿ ಡರ್ಕ್ಸ್ ಎಂಬುದನ್ನೂ ಸೇರಿಸಿ ಹೇಳಿ.